ಸತ್ತವನ ಪರವಾದ ಪೂರ್ವಭಾವನೆ

ತುಮಕೂರಿನಲ್ಲಿ ವಕೀಲಿ ಮಾಡಿಕೊಂಡಿರುವ ನಾನು ಯೆಹೂದಿ ಧರ್ಮಶಾಸ್ತ್ರವನ್ನು ಓದಲು ಕಾರಣ ಒಂದು ಸಾವು. ಗುಬ್ಬಿ ಕಡೆಯ ನಮ್ಮ ಹಳ್ಳಿಯಲ್ಲಿ ಹುಡುಗನೊಬ್ಬ ಆತ್ಮಹತ್ಯೆ ಮಾಡಿಕೊಂಡಾಗ, ದುರ್ಮರಣವಾದ್ದರಿಂದ ಎಲ್ಲರಂತೆ ಸಂಸ್ಕಾರ ಕೂಡದೆಂದು ಹಿರಿಯರೊಬ್ಬರು ಹಟ ಹಿಡಿದರು. ಬೇರೆ ಮತಗಳವರು ಇದಕ್ಕೆ ಏನೆನ್ನುತ್ತಾರೋ ನೋಡೋಣವೆನಿಸಿತು.

ಮೇಲ್ನೋಟಕ್ಕೆ ಆ ಶಾಸ್ತ್ರವೂ ಕಠಿಣವೇ. ‘ನಿಮ್ಮ ಪ್ರಾಣದ ರಕ್ತಕ್ಕೆ ಲೆಕ್ಕ ಕೇಳುತ್ತೇನೆ’ ಎಂಬರ್ಥದ ಆದಿಕಾಂಡದ ಮಾತಿನಿಂದ ಯೆಹೂದಿಗಳ ಧರ್ಮಗ್ರಂಥವಾದ ತಾಲ್ಮುಡ್ ಆತ್ಮಹತ್ಯೆಯ ನಿಷೇಧವನ್ನು ಹೊರಡಿಸುತ್ತದೆ; ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವನಿಗೆ ಶೋಕಾಚರಣೆ ಇಲ್ಲ. ಆದರೆ ‘ಬುದ್ಧಿಪೂರ್ವಕ’ ಎನ್ನಲು ಸೆಮಾಖೋತ್ ಎಂಬ ಗ್ರಂಥ ಕೇಳುವ ಪುರಾವೆಯನ್ನು ನೋಡಿ: ಆತ ಮೊದಲೇ ಬಾಯಿಬಿಟ್ಟು ಹೇಳಿರಬೇಕು, ಹೇಳಿದೊಡನೆ ಮಾಡಿರಬೇಕು, ಅದನ್ನು ಜನ ಕಂಡಿರಬೇಕು. ಬರೀ ಶವ ಸಿಕ್ಕಿದರೆ ಸಾಲದು. ಲೋದ್ ಊರಿನ ಬಾಲಕನೊಬ್ಬ ಶಾಲೆ ತಪ್ಪಿಸಿಕೊಂಡದ್ದಕ್ಕೆ ತಂದೆ ಕಿವಿ ತೋರಿಸಿ, ಅಂದರೆ ಹೊಡೆಯುವೆನೆಂದು ಸನ್ನೆ ಮಾಡಿ, ಗದರಿಸಿದ; ಹೆದರಿದ ಮಗು ತಾನೇ ಪ್ರಾಣ ಕಳೆದುಕೊಂಡಿತು. ಯಾವ ವಿಧಿಯನ್ನೂ ತಡೆಯಬಾರದೆಂದು ರಬ್ಬಿ (ಯೆಹೂದಿ ಧರ್ಮಗುರು) ತರ್ಫೋನ್ ತೀರ್ಪಿತ್ತರು. ಮಗುವಿಗೆ ಕಿವಿ ತೋರಿಸಿ ಹೆದರಿಸಬೇಡ, ದಂಡಿಸುವುದಾದರೆ ಆಗಲೇ ದಂಡಿಸು, ಇಲ್ಲವೇ ಸುಮ್ಮನಿರು ಎಂದು ಗ್ರಂಥ ತಂದೆತಾಯಿಗಳ ಕಡೆಗೇ ತಿರುಗುತ್ತದೆ. (ಪಿಯುಸಿ ಫಲಿತಾಂಶದ ವಾರದಲ್ಲಿ ನಮ್ಮಲ್ಲಿಯೂ ಓದಿಸಬೇಕಾದ ಸಾಲು.)

ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ, ವ್ಯತಿರಿಕ್ತವಾಗಿ ರುಜುವಾತಾಗುವವರೆಗೆ, ಭಾವಿಸತಕ್ಕದ್ದು ಎನ್ನುತ್ತದೆ. ಬದುಕುಳಿದವರಿಗೆ ಇದು ಈಗ ಸಿಕ್ಕಿದ ರಕ್ಷಣೆ. ಸತ್ತವರಿಗೆ ಅದನ್ನು ರಬ್ಬಿಗಳು ಎಂದೋ ಕೊಟ್ಟಿದ್ದರು.

ಪಶ್ಚಾತ್ತಾಪದ ಪ್ರಶ್ನೆ ಇನ್ನೂ ಸೂಕ್ಷ್ಮ. ಪಶ್ಚಾತ್ತಾಪಕ್ಕೆ ಬದುಕಿರಬೇಕು, ಈ ಪಾಪವೋ ಆ ಅವಕಾಶವನ್ನೇ ಕಸಿಯುತ್ತದೆ ಎಂಬುದು ಕಠಿಣವಾದಿಗಳ ವಾದ. ಆದರೆ ಸಾಯುವ ದಿನದ ಪಶ್ಚಾತ್ತಾಪವೂ ಸಲ್ಲುತ್ತದೆಂದು ಮಧ್ಯಯುಗದ ಯೆಹೂದಿ ಧರ್ಮಜ್ಞ ಮೈಮೊನಿಡೀಸ್ ಬರೆದಿದ್ದಾರೆ. ಹಾಗಿದ್ದಮೇಲೆ ಕೃತ್ಯಕ್ಕೂ ಕೊನೆಯುಸಿರಿಗೂ ನಡುವಿನ ಕ್ಷಣದಲ್ಲಿ ಆತ ಮನಸ್ಸಿನಲ್ಲೇ ಮರುಗಿರಬಹುದಲ್ಲ, ಇಲ್ಲವೆನ್ನಲು ಸಾಕ್ಷಿ ಎಲ್ಲಿದೆ ಎಂದು ನಂತರದ ಧರ್ಮಜ್ಞರು ಕೇಳಿದರು. ಪಾಪವನ್ನು ಅಲ್ಲಗಳೆಯದೆ ಪಾಪಿಯನ್ನು ಬಿಡಿಸಿಕೊಳ್ಳುವ ಈ ಜಾಣ್ಮೆಗೆ ವಕೀಲನಾಗಿ ನಾನು ತಲೆಬಾಗಿದೆ.

ಉದ್ದೇಶ ಸಾಬೀತಾದರೂ ಬದುಕಿರುವವರ ಗೌರವಕ್ಕೆ ಸೇರಿದ್ದನ್ನು ನಿಲ್ಲಿಸುವಂತಿಲ್ಲ: ಜನ ಸಾಲಾಗಿ ನಿಂತು ಮನೆಯವರಿಗೆ ಸಾಂತ್ವನ ಹೇಳಲೇಬೇಕು. ನಮ್ಮ ಹಳ್ಳಿಯಲ್ಲಿ ಅಂದು ಚಪ್ಪರದಡಿಯ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿಯಿದ್ದವು.