ಹಲ್ಲಿನ ಕ್ಲಿಪ್ ಮತ್ತು ಎಕ್ಸ್‌ರೇ: ಡೋಸ್ ಏರುವುದು ಎಲ್ಲಿ?

ಕ್ಲಿಪ್ ಹಾಕಿಸಿಕೊಳ್ಳುವವರಲ್ಲಿ ಬಹುಪಾಲು ಮಕ್ಕಳು ಮತ್ತು ಹದಿಹರೆಯದವರು. ಒಂದೇ ಪ್ರಮಾಣದ ವಿಕಿರಣ ದೊಡ್ಡವರಿಗಿಂತ ಮಕ್ಕಳಿಗೆ ಎರಡು ಮೂರು ಪಟ್ಟು ಹೆಚ್ಚು ಅಪಾಯಕಾರಿ ಎಂಬುದು ಒಪ್ಪಿತ ಲೆಕ್ಕ. ಹಾಗಾಗಿ "ಇನ್ನೊಂದು ಎಕ್ಸ್‌ರೇ ಬೇಕೇ ಬೇಕಾ ಡಾಕ್ಟ್ರೇ?" ಎಂದು ಮನೆಯವರು ಕೇಳುವುದು ನ್ಯಾಯವೇ. ಆದರೆ ಅವರ ಕಣ್ಣು ಸಾಮಾನ್ಯವಾಗಿ ಸೀಸದ ಏಪ್ರನ್ ಹಾಕಿದರೋ ಇಲ್ಲವೋ ಎಂಬುದರ ಮೇಲಿರುತ್ತದೆ. ಸರಿಯಾಗಿ ಬರಲಿಲ್ಲವೆಂದು ಅದೇ ಚಿತ್ರವನ್ನು ಎರಡನೇ ಸಲ ತೆಗೆದರೆ ಯಾಕೆಂದು ಯಾರೂ ಕೇಳುವುದಿಲ್ಲ.

ಮೊದಲು ಡೋಸಿನ, ಅಂದರೆ ದೇಹಕ್ಕೆ ತಗಲುವ ವಿಕಿರಣದ, ಅಂಕಿಗಳನ್ನು ನೋಡೋಣ. ಎಲ್ಲ ಹಲ್ಲು, ಎರಡೂ ದವಡೆ ಒಂದೇ ಚಿತ್ರದಲ್ಲಿ ಕಾಣುವ ಓಪಿಜಿಗೆ ಸುಮಾರು 5ರಿಂದ 25 ಮೈಕ್ರೋಸೀವರ್ಟ್ (ಡೋಸ್ ಅಳೆಯುವ ಮಾನ; ಸಾವಿರ ಸೇರಿದರೆ ಒಂದು ಮಿಲಿಸೀವರ್ಟ್). ಮುಖವನ್ನು ಪಕ್ಕದಿಂದ ತೆಗೆಯುವ ಲ್ಯಾಟರಲ್ ಸೆಫಲೋಗ್ರಾಮಿಗೆ 6ರ ಒಳಗೆ. ಬಾಯೊಳಗೆ ಸೆನ್ಸರ್ ಇಟ್ಟು ಒಂದೆರಡು ಹಲ್ಲಿನ ಬೇರು ನೋಡುವ ಚಿಕ್ಕ ಚಿತ್ರ, ಕಿರಣದ ಕೊಳವೆಗೆ ಚೌಕಾಕಾರದ ಕಾಲಿಮೇಟರ್ (ಕಿರಣದ ಹರವನ್ನು ಕಿರಿದುಮಾಡುವ ಭಾಗ) ಇದ್ದರೆ, 2ರ ಆಸುಪಾಸು. ಯಾವ ಎಕ್ಸ್‌ರೇಯನ್ನೂ ತೆಗೆಸದೆ ಸುಮ್ಮನೆ ಬದುಕಿರುವ ಮನುಷ್ಯನಿಗೆ ನೆಲ, ಗಾಳಿ, ಆಕಾಶದಿಂದ ಬರುವ ಸಹಜ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್, ಅಂದರೆ ದಿನಕ್ಕೆ ಆರೂವರೆ ಮೈಕ್ರೋಸೀವರ್ಟ್. ಆರಂಭಕ್ಕೊಂದು ಓಪಿಜಿ, ಒಂದು ಸೆಫಲೋಗ್ರಾಮ್, ಮುಗಿಯುವ ಮುನ್ನ ಇನ್ನೊಂದು ಓಪಿಜಿ ಎಂದಿಟ್ಟುಕೊಂಡರೂ ಇಡೀ ಚಿಕಿತ್ಸೆಯ ಮೊತ್ತ ಹೆಚ್ಚೆಂದರೆ ಎಂಟೊಂಬತ್ತು ದಿನದ ಸಹಜ ವಿಕಿರಣದಷ್ಟು.

ಹಳೆಯ ಪುಸ್ತಕಗಳಲ್ಲಿ ಈ ಸಂಖ್ಯೆಗಳು ಇನ್ನೂ ಚಿಕ್ಕದಾಗಿದ್ದವು. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2007ರ ಶಿಫಾರಸಿನಲ್ಲಿ ಡೋಸ್ ಲೆಕ್ಕಹಾಕುವಾಗ ಜೊಲ್ಲುಗ್ರಂಥಿಗಳಿಗೂ ಪ್ರತ್ಯೇಕ ಪಾಲು ಕೊಟ್ಟಿತು. ಹಲ್ಲಿನ ಚಿತ್ರಗಳಲ್ಲಿ ಕಿರಣ ನೇರವಾಗಿ ಹಾಯುವುದು ಆ ಗ್ರಂಥಿಗಳ ಮೇಲೆಯೇ. ಯಂತ್ರ, ಸೆಟ್ಟಿಂಗ್ ಎರಡೂ ಬದಲಾಗದಿದ್ದರೂ ಲೆಕ್ಕದ ಡೋಸ್ ಮೇಲೇರಿತು.

ಸಿಬಿಸಿಟಿಯ (ಕೋನ್ ಬೀಮ್ ಸಿಟಿ) ಮಾತೇ ಬೇರೆ. ಮೂರು ಆಯಾಮದ ಈ ಚಿತ್ರದ ಡೋಸ್ ಯಂತ್ರ, ಚಿತ್ರಿಸುವ ಕ್ಷೇತ್ರ, ಸೆಟ್ಟಿಂಗ್ ಮೂರನ್ನೂ ಅವಲಂಬಿಸಿ ಹತ್ತಾರು ಮೈಕ್ರೋಸೀವರ್ಟಿನಿಂದ ಸಾವಿರದವರೆಗೂ ಹೋಗುತ್ತದೆ. "ಸಿಬಿಸಿಟಿಗೆ ಡೋಸ್ ಕಡಿಮೆ" ಎನ್ನುವ ಮಾತು ಆಸ್ಪತ್ರೆಯ ಸಿಟಿ ಸ್ಕ್ಯಾನಿಗೆ ಹೋಲಿಸಿದರೆ ಸಾಮಾನ್ಯವಾಗಿ ನಿಜ, ಓಪಿಜಿಗೆ ಹೋಲಿಸಿದರೆ ಸಾಮಾನ್ಯವಾಗಿ ಸುಳ್ಳು. ಇಡೀ ತಲೆಯ ಸಿಬಿಸಿಟಿ ತೆಗೆದು ಅದರಿಂದಲೇ ಓಪಿಜಿ, ಸೆಫಲೋಗ್ರಾಮ್ ಎರಡನ್ನೂ ಕಂಪ್ಯೂಟರಿನಲ್ಲಿ ಹುಟ್ಟಿಸಿಕೊಳ್ಳುವ ಪದ್ಧತಿ ಕೆಲವೆಡೆ ಇದೆ. ಸಾಧಾರಣ ವಕ್ರದಂತಕ್ಕೆ ಇದು ನನ್ನ ಪ್ರಕಾರ ಸಮರ್ಥನೀಯವಲ್ಲ.

ಹಾಗಾದರೆ ಎಲ್ಲಿ ಬೇಕು? ಮೇಲಿನ ಕೋರೆಹಲ್ಲು ಬಾರದೆ ಒಳಗೇ ಉಳಿದಿರುವಾಗ. ಒಂಬತ್ತು ಹತ್ತರ ವಯಸ್ಸಿನಲ್ಲಿ ತುಟಿಯ ಕಡೆಯ ವಸಡಿನ ಮೇಲೆ ಬೆರಳಾಡಿಸಿದರೆ ಕೋರೆಹಲ್ಲಿನ ಉಬ್ಬು ಸಿಗಬೇಕು. ಎರಡೂ ಕಡೆ ಸಿಕ್ಕರೆ ಅದಕ್ಕೆಂದೇ ಎಕ್ಸ್‌ರೇ ಬೇಡ. ಸಿಗದಿದ್ದರೆ ಮೊದಲು ಓಪಿಜಿ, ಜೊತೆಗೆ ಬೇರೆ ಕೋನದಿಂದ ಒಂದು ಚಿಕ್ಕ ಚಿತ್ರ. ಎರಡು ಚಿತ್ರಗಳನ್ನು ಹೋಲಿಸಿದಾಗ, ಎಕ್ಸ್‌ರೇ ಟ್ಯೂಬ್ ಸರಿದ ದಿಕ್ಕಿಗೇ ಹಲ್ಲೂ ಸರಿದಂತೆ ಕಂಡರೆ ಅದು ಅಂಗುಳದ ಕಡೆ ಇದೆ. ವಿರುದ್ಧ ದಿಕ್ಕಿಗೆ ಸರಿದರೆ ತುಟಿಯ ಕಡೆ. ಇಷ್ಟರಿಂದಲೂ ಜಾಗ ತಿಳಿಯದಿದ್ದರೆ, ಅಥವಾ ಪಕ್ಕದ ಬಾಚಿಹಲ್ಲಿನ ಬೇರನ್ನು ಅದು ಕರಗಿಸುತ್ತಿದೆ ಎಂಬ ಶಂಕೆ ಬಂದರೆ, ಆಗ ಸಿಬಿಸಿಟಿ. ಅದೂ 4×4 ಅಥವಾ 5×5 ಸೆಂಟಿಮೀಟರಿನ ಚಿಕ್ಕ ಕ್ಷೇತ್ರದಲ್ಲಿ, ಯಂತ್ರದಲ್ಲಿ ಕಡಿಮೆ ಡೋಸಿನ ಮೋಡ್ ಇದ್ದರೆ ಅದರಲ್ಲಿ. ದವಡೆಯ ಶಸ್ತ್ರಚಿಕಿತ್ಸೆ, ಸೀಳಂಗುಳದಂಥ ಪ್ರಕರಣಗಳಿಗೆ ದೊಡ್ಡ ಕ್ಷೇತ್ರ ಬೇಕಾಗಬಹುದು.

ಉಳಿದಂತೆ ನಿಯಮ ಸರಳ: ಬಾಯಿ ಪರೀಕ್ಷಿಸುವ ಮೊದಲು ಚಿತ್ರವಿಲ್ಲ, ಚಿತ್ರದಿಂದ ನಿರ್ಧಾರ ಬದಲಾಗುವುದಿಲ್ಲವಾದರೆ ಚಿತ್ರವೇ ಇಲ್ಲ. ಬಾಚಿಹಲ್ಲಿನ ಓರೆಯನ್ನೋ ದವಡೆಗಳ ಸಂಬಂಧವನ್ನೋ ಬದಲಿಸುವ ಯೋಜನೆಯಿದ್ದರೆ ಸೆಫಲೋಗ್ರಾಮ್ ಬೇಕು. ಬೆಳವಣಿಗೆಯ ಹಂತ ತಿಳಿಯಲೆಂದು ಕೈಯ ಎಕ್ಸ್‌ರೇ ಬೇರೆ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬೀಳದು. ಅದೇ ಸೆಫಲೋಗ್ರಾಮಿನಲ್ಲಿ ಕತ್ತಿನ ಎರಡು, ಮೂರು, ನಾಲ್ಕನೆಯ ಕಶೇರುಗಳ (ಬೆನ್ನುಮೂಳೆಯ ಮಣಿಗಳ) ಆಕಾರ ಅದನ್ನು ಹೇಳುತ್ತದೆ. ಚಿಕಿತ್ಸೆಯ ನಡುವೆ, ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ, ಬೇರು ಕರಗುವ ಸಂಭವ ಹೆಚ್ಚಿರುವವರಿಗೆ ಬಾಚಿಹಲ್ಲುಗಳ ಚಿಕ್ಕ ಚಿತ್ರ ಉಪಯುಕ್ತ, ಏಕೆಂದರೆ ಕರಗುತ್ತಿದ್ದರೆ ಎರಡು ಮೂರು ತಿಂಗಳು ಒತ್ತಡ ನಿಲ್ಲಿಸಬೇಕಾಗುತ್ತದೆ. ಕೊನೆಯ ಓಪಿಜಿ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ತುಣುಕು) ಬಿಚ್ಚುವ ಮುನ್ನವೇ ಇರಲಿ. ಬಿಚ್ಚಿದ ಮೇಲೆ ಬೇರು ಓರೆಯಾಗಿದೆ ಎಂದು ಕಂಡರೆ ತಿದ್ದಲು ತಂತಿಯೇ ಇರುವುದಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಡೋಸ್ ಪೋಲಾಗುವ ಜಾಗ: ಕೆಟ್ಟು ಮತ್ತೆ ತೆಗೆಯುವ ಓಪಿಜಿ. ಯಂತ್ರ ತಲೆಯ ಸುತ್ತ ತಿರುಗುವ ಹದಿನೈದು ಸೆಕೆಂಡಿನಷ್ಟು ಹೊತ್ತು ಕಮಾನಿನಾಕಾರದ ತೆಳು ಪಟ್ಟಿಯೊಂದು ಮಾತ್ರ ಸ್ಪಷ್ಟವಾಗಿ ಮೂಡುತ್ತದೆ. ಹಲ್ಲುಗಳು ಅದರೊಳಗೇ ಇರಬೇಕು. ಕಚ್ಚುವ ಕಡ್ಡಿಯ ಗೀರಿನಲ್ಲಿ ಬಾಚಿಹಲ್ಲು ಕೂರದೆ ಮುಂದೆ ಬಂದಿದ್ದರೆ ಮುಂದಿನ ಹಲ್ಲುಗಳು ಸಪೂರವಾಗಿ, ಹಿಂದೆ ಸರಿದಿದ್ದರೆ ದಪ್ಪಗೆ ಮಸುಕಾಗಿ ಬರುತ್ತವೆ. ಗದ್ದ ತಗ್ಗಿದರೆ ಹಲ್ಲುಸಾಲು ಅತಿಯಾದ ನಗುವಿನಂತೆ ಬಾಗುತ್ತದೆ. ಎತ್ತಿದರೆ ಸಪಾಟಾಗುತ್ತದೆ ಅಥವಾ ಬೋರಲಾಗುತ್ತದೆ, ಅಂಗುಳದ ನೆರಳು ಮೇಲಿನ ಬೇರುಗಳ ಮೇಲೆ ಬೀಳುತ್ತದೆ. ಕತ್ತು ಕುಗ್ಗಿಸಿ ನಿಂತರೆ ನಡುವೆ ಬೆನ್ನುಮೂಳೆಯ ಬಿಳಿ ಕಂಬ. ನಾಲಿಗೆ ಅಂಗುಳಕ್ಕೆ ಒತ್ತಿರದಿದ್ದರೆ ಮೇಲಿನ ಬೇರುಗಳ ಉದ್ದಕ್ಕೂ ಕಪ್ಪು ಪಟ್ಟಿ. ನಾಲಿಗೆಯದೇ ಅತಿ ಸಾಮಾನ್ಯ ತಪ್ಪುಗಳಲ್ಲೊಂದು, ತಡೆಯಲು ಅತಿ ಸುಲಭ: ಒಮ್ಮೆ ಉಗುಳು ನುಂಗಿ, ನಾಲಿಗೆಯನ್ನು ಅಲ್ಲೇ ಒತ್ತಿಟ್ಟು, ತುಟಿ ಮುಚ್ಚಿಕೊಂಡರೆ ಸಾಕು. ಕಿವಿಯೋಲೆ ತೆಗೆಯದಿದ್ದರೆ ಎದುರು ಬದಿಯಲ್ಲಿ, ಸ್ವಲ್ಪ ಮೇಲೆ, ಅದರ ಮಸುಕಾದ ಭೂತಚಿತ್ರ ಮೂಡುತ್ತದೆ. ಸರ, ಮೂಗುತಿ, ಕನ್ನಡಕ, ಹೇರ್‌ಪಿನ್, ಬಿಚ್ಚಿ ಹಾಕಿಕೊಳ್ಳಬಹುದಾದ ರಿಟೇನರ್ (ಹಲ್ಲು ಮತ್ತೆ ಸರಿಯದಂತೆ ಹಿಡಿಯುವ ಸಾಧನ) ಎಲ್ಲವೂ ಹೊರಗಿರಲಿ. ಮಗು ಅಲುಗುವ ಸ್ವಭಾವದ್ದಾದರೆ ಎಕ್ಸ್‌ಪೋಷರ್ (ಕಿರಣ ಹಾಯಿಸುವುದು) ಇಲ್ಲದೆ ಯಂತ್ರವನ್ನು ಒಮ್ಮೆ ತಿರುಗಿಸಿ ತೋರಿಸುವ ಸೌಲಭ್ಯ ಅನೇಕ ಯಂತ್ರಗಳಲ್ಲಿದೆ, ಬಳಸುವವರು ಕಡಿಮೆ.

ಡಿಜಿಟಲ್ ಬಂದಮೇಲೆ ಇನ್ನೊಂದು ಗುಪ್ತ ಸಮಸ್ಯೆ. ಫಿಲ್ಮಿನ ಕಾಲದಲ್ಲಿ ಡೋಸ್ ಹೆಚ್ಚಾದರೆ ಚಿತ್ರ ಕಪ್ಪಾಗಿ ಗುಟ್ಟು ರಟ್ಟಾಗುತ್ತಿತ್ತು. ಈಗ ಸಾಫ್ಟ್‌ವೇರ್ ಬೆಳಕು ಸರಿಹೊಂದಿಸಿ ಅಂದದ ಚಿತ್ರವನ್ನೇ ಕೊಡುತ್ತದೆ. ಕಡಿಮೆ ಡೋಸಾದರೆ ಮಾತ್ರ ಚಿತ್ರ ಕಾಳುಕಾಳಾಗಿ ದೂರು ಬರುತ್ತದೆ. ಹಾಗಾಗಿ ಸೆಟ್ಟಿಂಗ್ ಸದ್ದಿಲ್ಲದೆ ಮೇಲಕ್ಕೇ ಜಾರುತ್ತದೆ, ಹತ್ತು ವರ್ಷದ ಮಗುವಿಗೂ ದೊಡ್ಡವರ ಪ್ರೋಗ್ರಾಮೇ ಓಡುತ್ತದೆ. ಮಕ್ಕಳ ಮೋಡ್ ಕಿಲೋವೋಲ್ಟ್ (ಕಿರಣದ ಶಕ್ತಿ) ಅಥವಾ ಮಿಲಿಆಂಪಿಯರ್ (ಕಿರಣದ ಪ್ರಮಾಣ) ಇಳಿಸುತ್ತದೆ, ಹಲವು ಯಂತ್ರಗಳಲ್ಲಿ ಕ್ಷೇತ್ರವನ್ನೂ ಕಿರಿದುಮಾಡುತ್ತದೆ. ಚಿತ್ರದ ಜೊತೆ ಯಂತ್ರ ತೋರಿಸುವ ಡೋಸ್-ಕ್ಷೇತ್ರ ಗುಣಲಬ್ಧವನ್ನು (ಡೋಸನ್ನು ಕಿರಣ ಬಿದ್ದ ವಿಸ್ತೀರ್ಣದಿಂದ ಗುಣಿಸಿದ ಸಂಖ್ಯೆ) ದಾಖಲೆಯಲ್ಲಿ ಬರೆದಿಡುವ ಕ್ಲಿನಿಕ್ಕಿಗೆ ಈ ಜಾರುವಿಕೆ ಬೇಗ ಗೊತ್ತಾಗುತ್ತದೆ.

ಏಪ್ರನ್ ವಿಷಯ ಚುಟುಕಾಗಿ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಏಪ್ರನ್, ಥೈರಾಯ್ಡ್ ಕಾಲರ್ (ಕತ್ತಿನ ಥೈರಾಯ್ಡ್ ಗ್ರಂಥಿ ಮುಚ್ಚುವ ಪಟ್ಟಿ) ಎರಡೂ ಬೇಡವೆಂದು ಶಿಫಾರಸು ಮಾಡಿತು. ಹೊಟ್ಟೆಗೆ ತಲುಪುವ ಅತ್ಯಲ್ಪ ವಿಕಿರಣದಲ್ಲಿ ಹೆಚ್ಚಿನದು ದೇಹದೊಳಗೇ ಚದುರಿ ಬರುವಂಥದ್ದು. ಹೊರಗಿನ ಹೊದಿಕೆ ಅದನ್ನು ತಡೆಯದು. ಓಪಿಜಿಯಲ್ಲಿ ಕತ್ತಿನ ಹಿಂದೆ ಏಪ್ರನ್ ಮೇಲೇರಿದ್ದರೆ ಚಿತ್ರದ ಕೆಳನಡುವೆ ಬಿಳಿ ತ್ರಿಕೋನ ಬೀಳುತ್ತದೆ, ಸೆಫಲೋಗ್ರಾಮಿನಲ್ಲಿ ಕಾಲರ್ ಬೇಕಾದ ಕಶೇರುಗಳನ್ನೇ ಮುಚ್ಚುತ್ತದೆ. ಎರಡರಲ್ಲೂ ಫಲ ಮತ್ತೊಂದು ಎಕ್ಸ್‌ಪೋಷರ್. ನಿಮ್ಮಲ್ಲಿನ ನಿಯಮ ಏಪ್ರನ್ ಬೇಕೆಂದರೆ ಹಾಕಿಕೊಳ್ಳಿ, ಆದರೆ ಕಿರಣದ ದಾರಿಗೆ ಅಡ್ಡವಾಗದಂತೆ.

ಕ್ಲಿನಿಕ್ ಬದಲಿಸುವವರು ಚಿತ್ರಗಳ ಮೂಲ ಫೈಲ್ ಕೇಳಿ ಪಡೆಯಿರಿ: ವೈದ್ಯಕೀಯ ಚಿತ್ರಗಳಿಗೆಂದೇ ಇರುವ ಡೈಕಾಮ್ ರೂಪದಲ್ಲಿ, ಇಲ್ಲವೇ ಪೂರ್ಣ ಗಾತ್ರದ ಜೆಪೆಗ್. ಪರದೆಯ ಮೇಲಿದ್ದ ಸೆಫಲೋಗ್ರಾಮನ್ನು ಮೊಬೈಲಿನಲ್ಲಿ ಓರೆಯಾಗಿ ಹಿಡಿದ ಫೋಟೋದಲ್ಲಿ ಕೋನವೂ ಕೆಡುತ್ತದೆ, ಅಳತೆಯೂ ಕೆಡುತ್ತದೆ. ಹೊಸ ವೈದ್ಯರು ಮತ್ತೆ ತೆಗೆಸುವುದು ಅದಕ್ಕೇ. ಚಿತ್ರದ ಅಂಚಿನಲ್ಲಿರುವ ಅಳತೆಪಟ್ಟಿಯನ್ನು ಕತ್ತರಿಸಿ ಕೊಟ್ಟಿದ್ದರೆ ಕೋನಗಳನ್ನು ಅಳೆಯಬಹುದು, ಮಿಲಿಮೀಟರುಗಳನ್ನು ನಂಬಲಾಗದು.