ಮೊಸರಾಗದ ಹಾಲು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಲ್ಲಿ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡಂತೆ ನಮ್ಮ ಕೊಟ್ಟಿಗೆಯಿದ್ದು, ಅಲ್ಲಿ ಐದು ಸೀಮೆಹಸುಗಳಿವೆ. ಬೆಳಗಿನ ಹಾಲನ್ನು ಚೀಸಿಗೆ ಇಟ್ಟುಕೊಂಡು ಸಂಜೆಯ ಹಾಲನ್ನು ಊರಿನ ಡೇರಿಗೆ ಹಾಕುತ್ತೇವೆ. ಕೊಟ್ಟಿಗೆಯ ಕೆಲಸ ನಮ್ಮ ಮನೆಯವರದು, ತೋಟ ಮತ್ತು ಲೆಕ್ಕ ಮಾವನವರದು, ಚೀಸು ಮಾಡುವುದು ನನ್ನದು. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ದಪ್ಪ ಗೋಡೆಯ ಕೋಣೆಯೊಂದಕ್ಕೆ ಎ.ಸಿ. ಹಾಕಿಸಿ, ಅದನ್ನೇ ಚೀಸು ಮಾಗಿಸಲು ಬಳಸುತ್ತಿದ್ದೇವೆ. ಹುಳುವಿಗೆ ಸುಮಾರು 25 ಡಿಗ್ರಿ ಇದ್ದರೆ ಸಾಕಾಗುತ್ತಿತ್ತು. ಚೀಸಿಗೆ 12–13 ಡಿಗ್ರಿ ಬೇಕು. ಬೇಸಿಗೆಯ ಕರೆಂಟು ಬಿಲ್ಲಿನ ವಿಷಯವನ್ನು ಇಲ್ಲಿ ಎತ್ತುವುದಿಲ್ಲ.

ಎರಡು ವರ್ಷದ ಹಿಂದೆ ನಾನು ಕೆಡಿಸಿಕೊಂಡ ಒಂದು ದಿನದ ಚೀಸಿನ ಕತೆಯನ್ನು ಬರೆಯುತ್ತಿದ್ದೇನೆ. ಅಂದು ಎಲ್ಲವೂ ಸರಿಯಾಗಿಯೇ ನಡೆಯುತ್ತಿರುವಂತೆ ಕಾಣುತ್ತಿತ್ತು. 40 ಲೀಟರ್ ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, 32 ಡಿಗ್ರಿಗೆ ಆರಿಸಿ, ಹುಳಿ ಬರಿಸುವ ಕಲ್ಚರ್ ಹಾಕಿ, ಆಮೇಲೆ ಹಾಲನ್ನು ಗಟ್ಟಿಮಾಡುವ ರೆನೆಟ್ ಬೆರೆಸಿದೆ. ಚೀಸಿಗೆ ಪ್ರಾಣಿಮೂಲದ ರೆನೆಟ್ ಬಳಸಲು ನಮ್ಮ ದೇಶದ ಆಹಾರ ನಿಯಮ ಒಪ್ಪುವುದಿಲ್ಲವಾದ್ದರಿಂದ ನಾವು ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದನ್ನೇ ಕೊಳ್ಳುತ್ತೇವೆ. ಮುಕ್ಕಾಲು ಗಂಟೆಯ ನಂತರ ಚಾಕುವನ್ನು ಓರೆಯಾಗಿ ಇಳಿಸಿ ಮೇಲೆತ್ತಿದಾಗ ಗಡ್ಡೆ ಕೊಯ್ದಿಟ್ಟಂತೆ ಬಿರಿದು, ಬಿರುಕಿನಲ್ಲಿ ತಿಳಿಹಸಿರು ಹಾಲೊಡಕು ನಿಂತಿತು. ಅದನ್ನು ಕಂಡು ಸಮಾಧಾನವಾಗಿ, ಕತ್ತರಿಸಿ, ಕಲಕಿ, ಬಟ್ಟೆ ಕಟ್ಟಿದ ಅಚ್ಚಿಗೆ ತುಂಬಿ ಮೇಲೆ ಭಾರ ಹೇರಿದೆ.

ನಾನು ಮಾಡುವ ಗೌಡಾ ಬಗೆಯ ಚೀಸಿನಲ್ಲಿ, ಹುಳಿ ಏರಿದಂತೆ ಇಳಿಯುವ ಅಳತೆಯಾದ ಪಿಎಚ್, ಹಾಲಿನಲ್ಲಿ 6.6ರಷ್ಟಿದ್ದದ್ದು ಅಚ್ಚಿನಲ್ಲಿರುವಾಗಲೇ 5.4ರ ಆಸುಪಾಸಿಗೆ ಬರಬೇಕು. ಆ ರಾತ್ರಿ ಒಂಬತ್ತಕ್ಕೆ ಅಳೆದಾಗ ಅದು 6.4ರಲ್ಲೇ ಇತ್ತು. ಹಿಂದಿನ ವಾರ ಕರೆಂಟು ಹೋಗಿ ಫ್ರೀಜರ್ ಬೆಚ್ಚಗಾಗಿದ್ದರಿಂದ ಕಲ್ಚರ್ ಸತ್ತಿರಬೇಕೆಂದು ನನಗೆ ನಾನೇ ಕಾರಣ ಹೇಳಿಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಚೀಸು ಅಚ್ಚಿನ ಮುಚ್ಚಳವನ್ನು ಎತ್ತಿಕೊಂಡು ಉಬ್ಬಿ ನಿಂತಿತ್ತು. ಕೊಯ್ದಾಗ ಒಳಗೆಲ್ಲ ಸ್ಪಂಜಿನಂಥ ಸಣ್ಣ ತೂತುಗಳು, ಜೊತೆಗೆ ಕೊಟ್ಟಿಗೆಯ ವಾಸನೆ. ನಾಲ್ಕು ಕಿಲೋ ಚೀಸನ್ನು ಗುಂಡಿ ತೋಡಿ ಮುಚ್ಚಿದೆವು.

ಆಗ ಅತ್ತೆಯವರು ಹಿಂದಿನ ದಿನ ಹೇಳಿದ್ದ ಮಾತು ನೆನಪಾಯಿತು. "ಕೆಂಪಿ ಹಾಲು ಮೊಸರೇ ಆಗ್ತಿಲ್ಲ ಕಣಮ್ಮ, ಎಷ್ಟು ಹೆಪ್ಪು ಹಾಕಿದ್ರೂ ನೀರ್ ನೀರಾಗೇ ಐತೆ" ಎಂದಿದ್ದರು. ಚಳಿಗೆ ಹಾಗಾಗಿರಬಹುದು, ಪಾತ್ರೆಯನ್ನು ಒಲೆಯ ಪಕ್ಕ ಇಡಿ ಎಂದು ಸಲಹೆ ಕೊಟ್ಟು ನಾನು ಮುಂದೆ ಹೋಗಿದ್ದೆ. ಅದೇ ಹಾಲಿನ ಪಾಲು ನನ್ನ 40 ಲೀಟರಿನಲ್ಲೂ ಸೇರಿತ್ತು.

ಕೆಂಪಿಗೆ ಕೆಚ್ಚಲು ಬಾವು ಆಗಿತ್ತು. ಪಶುವೈದ್ಯರು ಒಂದು ಮೊಲೆಗೆ ಆಂಟಿಬಯಾಟಿಕ್ ಟ್ಯೂಬ್ ಏರಿಸಿದ್ದರು. ನಮ್ಮ ಮನೆಯವರು ಆ ಮೊಲೆಯ ಹಾಲನ್ನು ಪ್ರತ್ಯೇಕವಾಗಿ ಕರೆದು ಚೆಲ್ಲಿ, ಉಳಿದ ಮೂರು ಮೊಲೆಗಳ ಹಾಲನ್ನು ಕ್ಯಾನಿಗೆ ಸುರಿದಿದ್ದರು. ಔಷಧ ರಕ್ತದ ಮೂಲಕ ಉಳಿದ ಮೊಲೆಗಳ ಹಾಲಿಗೂ ಬರಬಹುದೆಂಬುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಾಲು ಕಾಯಿಸಿದೆವಲ್ಲ ಎಂದುಕೊಳ್ಳುವಂತೆಯೂ ಇಲ್ಲ. ಪೆನಿಸಿಲಿನ್ ಜಾತಿಯ ಔಷಧಗಳು 63 ಡಿಗ್ರಿಯ ಕಾವಿಗೆ ಹೆಚ್ಚೇನೂ ನಾಶವಾಗುವುದಿಲ್ಲ. ನನ್ನನ್ನು ಮೋಸಗೊಳಿಸಿದ್ದು ಆ ಚಂದದ ಗಡ್ಡೆ. ರೆನೆಟ್ ಒಂದು ಕಿಣ್ವ, ಅದಕ್ಕೆ ಆಂಟಿಬಯಾಟಿಕ್ ತಾಗುವುದಿಲ್ಲವಾದ್ದರಿಂದ ಹಾಲು ಎಂದಿನಂತೆ ಗಟ್ಟಿಯಾಯಿತು. ಕಲ್ಚರ್ ಎಂದರೆ ಜೀವಂತ ಬ್ಯಾಕ್ಟೀರಿಯ. ಕೆಚ್ಚಲಿನ ಬ್ಯಾಕ್ಟೀರಿಯವನ್ನು ಕೊಲ್ಲಲು ಕೊಟ್ಟ ಔಷಧ ಅದನ್ನೂ ತಡೆಯಿತು. ಹುಳಿ ಏರದ ಬೆಚ್ಚನೆಯ ಗಡ್ಡೆಯಲ್ಲಿ, ಬಟ್ಟೆಯಿಂದಲೋ ಕೈಯಿಂದಲೋ ಸೇರಿಕೊಂಡ, ಆ ಔಷಧಕ್ಕೆ ಜಗ್ಗದ ಬೇರೆ ಬ್ಯಾಕ್ಟೀರಿಯಗಳು ರಾತ್ರಿಯೆಲ್ಲ ಬೆಳೆದು ಗಾಳಿ ತುಂಬಿದವು.

ಚೀಸು ಶುರುಮಾಡುವ ಮೊದಲು ಎರಡು ಹೊತ್ತಿನ ಹಾಲೂ ಡೇರಿಗೇ ಹೋಗುತ್ತಿತ್ತು. ಆಗಲೂ ಹಸುಗಳಿಗೆ ಕೆಚ್ಚಲು ಬಾವು ಬರುತ್ತಿತ್ತು, ಆಗಲೂ ನಾವು ಒಂದೇ ಮೊಲೆಯ ಹಾಲು ಚೆಲ್ಲುತ್ತಿದ್ದೆವು. ಊರೆಲ್ಲರ ಹಾಲಿನೊಂದಿಗೆ ಬೆರೆತು ಹೋಗುತ್ತಿದ್ದ ತಪ್ಪು, ಐದೇ ಹಸುಗಳ ಪಾತ್ರೆಯಲ್ಲಿ ಐದನೆಯ ಒಂದು ಪಾಲಾಗಿ ನಮ್ಮ ಕಣ್ಣೆದುರೇ ಉಬ್ಬಿ ನಿಂತಿತು. ಇದನ್ನು ಬರೆಯಲು ನನಗೆ ಸ್ವಲ್ಪ ನಾಚಿಕೆಯಾಗುತ್ತದೆ.

ಪ್ರತಿ ಔಷಧಕ್ಕೂ ಹಾಲು ಬಳಸದೆ ಕಾಯಬೇಕಾದ ಅವಧಿಯಿದೆ, ಅದು ಪೊಟ್ಟಣದ ಮೇಲೆ ಇರಬೇಕು. 2012ರಲ್ಲಿ ಔಷಧ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಆ ಔಷಧಕ್ಕೆ ಅಂಥ ಅವಧಿ ನಿಗದಿಯಾಗಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ. ಇದನ್ನು ಓದಿ ಹೇಳಿದಾಗ ಮಾವನವರು ಒಂದು ಮಾತು ಕೇಳಿದರು: ಸೊಪ್ಪಿಗೆ ಔಷಧ ಹೊಡೆದರೆ ದಿನ ಎಣಿಸದೆ ಹುಳುವಿಗೆ ಹಾಕುತ್ತೇವೆಯೇ? ಹುಳು ಸತ್ತೇಹೋಗುತ್ತದೆಂಬ ಭಯಕ್ಕೆ ಈ ಮನೆಯಲ್ಲಿ ಅದನ್ನು ಯಾರೂ ಎಂದೂ ಮರೆತಿದ್ದಿಲ್ಲ. ಹಸುವಿನ ವಿಷಯದಲ್ಲಿ ಮಾತ್ರ ಯಾರೂ ಎಣಿಸಿರಲಿಲ್ಲ.

ಈಗ ಸೊಪ್ಪಿನ ದಿನಗಳನ್ನು ಗುರುತು ಹಾಕುವ ಅದೇ ಕ್ಯಾಲೆಂಡರಿನಲ್ಲಿ ಹಸುವಿನ ಹೆಸರು, ಔಷಧದ ಹೆಸರು ಮತ್ತು ಹಾಲು ಬಿಡುಗಡೆಯಾಗುವ ತಾರೀಖನ್ನು ಮಾವನವರು ಬರೆಯುತ್ತಾರೆ. ಚಿಕಿತ್ಸೆಯಲ್ಲಿರುವ ಹಸುವಿನ ಹಿಂಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಕೊನೆಗೆ ಕರೆಯುತ್ತೇವೆ. ನಾಲ್ಕೂ ಮೊಲೆಯ ಹಾಲು ಚೀಸಿಗೂ ಇಲ್ಲ, ಡೇರಿಗೂ ಇಲ್ಲ. ಅವಧಿ ಮುಗಿದ ಮೇಲೆ ಅತ್ತೆಯವರು ಆ ಹಸುವಿನ ಹಾಲನ್ನು ಒಂದು ಲೋಟದಲ್ಲಿ, ಬೇರೆ ಹಸುವಿನದನ್ನು ಇನ್ನೊಂದು ಲೋಟದಲ್ಲಿ ಕಾಯಿಸಿ ಆರಿಸಿ, ಒಂದೇ ಮೊಸರಿನಿಂದ ಹೆಪ್ಪು ಹಾಕಿ ಅಕ್ಕಪಕ್ಕ ಇಡುತ್ತಾರೆ. ಕಳೆದ ತಿಂಗಳು ಕ್ಯಾಲೆಂಡರಿನ ಪ್ರಕಾರ ಬಿಡುಗಡೆಯಾಗಿದ್ದ ಹಸುವೊಂದರ ಲೋಟ ಬೆಳಿಗ್ಗೆಯೂ ನೀರಾಗಿಯೇ ಇತ್ತು. ಅತ್ತೆಯವರು ಲೋಟವನ್ನು ಓರೆಮಾಡಿ ತೋರಿಸಿ, ಏನೂ ಹೇಳದೆ ಕಟ್ಟೆಯ ಮೇಲಿಟ್ಟರು. ಆ ದಿನ 32 ಲೀಟರಿಗೇ ಚೀಸು ಮಾಡಿದೆ.