ಹಲಸಿನ ಪೆಟ್ಟಿಗೆ ಕಡಲಿಗೆ ಹೋಗಿ ಬಂದದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಬಡಗಿಯಲ್ಲ. ಸಾಗರದಲ್ಲಿ ಗುಡಿಗಾರರು ಗಂಧದ ಮರದಲ್ಲಿ ಎಲೆ ಬಳ್ಳಿ ಕೆತ್ತುವುದನ್ನು ನೋಡುತ್ತಾ ಬೆಳೆದವನು, ಹಾಗಾಗಿ ‘ನಾನೂ ಮರಗೆಲಸ ಮಾಡ್ತೀನಿ’ ಅಂತ ಈ ಊರಲ್ಲಿ ಹೇಳಿಕೊಳ್ಳೋದಕ್ಕೆ ನಾಚಿಕೆ. ಆದರೂ ಅಡಿಕೆ ಕೊಯ್ಲು ಮುಗಿದ ಮೇಲೆ ಸಂಜೆ ಹೊತ್ತು ಖಾಲಿ ಕೊಟ್ಟಿಗೆಯಲ್ಲಿ ಉಳಿ, ಕೊಡತಿ ಹಿಡಿದು ಕೂರುವ ಚಟ ಇದೆ.

ಈ ವರ್ಷ ಮಾಡಿದ್ದು ಕಾರಿನ ಡಿಕ್ಕಿಯಲ್ಲಿ ಇಡುವ ಅಡುಗೆ ಪೆಟ್ಟಿಗೆ. ಹಳೆ ಮನೆಯ ಅಟ್ಟ ಬಿಚ್ಚಿದಾಗ ಸಿಕ್ಕ ಹಲಸಿನ ಹಲಗೆಗಳಿದ್ದವು. ಹೊಗೆ ಹಿಡಿದು ಹಿಡಿದು ಕರಿ ಬಣ್ಣಕ್ಕೆ ತಿರುಗಿದ್ದವು, ಕೀಸುಳಿ ಎಳೆದರೆ ಒಳಗೆ ಅರಿಶಿನದ ಬಣ್ಣ! ಎರಡೂವರೆ ಅಡಿ ಉದ್ದ, ಮೂಲೆಗಳಿಗೆ ಮೊಳೆ ಇಲ್ಲ, ಕಚ್ಚು ಹಾಕಿ ಕೂಡಿಸಿದ್ದು. ಮುಚ್ಚಳ ಎತ್ತಿದರೆ ಸ್ಟೌ, ಕೆಳಗೆ ಒಂದು ಡ್ರಾಯರ್. ಆ ಡ್ರಾಯರಿನ ಬಗ್ಗೆ ನನಗೆ ಎಷ್ಟು ಜಂಬ ಅಂದರೆ, ಬಂದವರಿಗೆಲ್ಲ ಎಳೆದು ತೋರಿಸುತ್ತಿದ್ದೆ. ಸುತ್ತ ಒಂದು ಎಟಿಎಂ ಕಾರ್ಡ್ ತೂರುವಷ್ಟೂ ಸಂದಿ ಬಿಟ್ಟಿರಲಿಲ್ಲ. (ಇದನ್ನು ನೆನಪಿಟ್ಟುಕೊಳ್ಳಿ.)

ಅದರ ಜೊತೆಗೆ ಇವಳ ಹೊಲಿಗೆ ಮಿಷನ್ನಿನಲ್ಲಿ ಎರಡು ಸೂಜಿ ಮುರಿದು ಒಂದು ಟಾರ್ಪಾಲು ಹೊಲಿದೆ. ಅಡಿಕೆ ಮರದ ಹಾಳೆಯಲ್ಲಿ ಒಂದು ಹಾಳೆಟೊಪ್ಪಿಯನ್ನೂ ಮಾಡಿಕೊಂಡೆ. ಹಾಳೆಯನ್ನು ನೀರಲ್ಲಿ ನೆನೆಸಿ ಮೆತ್ತಗಾದಾಗ ಮಡಚಿ ಹೊಲಿಯಬೇಕು, ಒಣಗಿದ ಮೇಲೆ ಅದು ಮಾತು ಕೇಳುವುದಿಲ್ಲ.

ಫೆಬ್ರವರಿಯಲ್ಲಿ ಹೊರಟೆವು. ಡಿಕ್ಕಿ ತುಂಬಿದ್ದು ನೋಡಿ ಇವಳು, "ರೀ, ಬಟ್ಟೆ ಬ್ಯಾಗು ಎಲ್ಲಿಡಲಿ, ನಿಮ್ಮ ಪೆಟ್ಟಿಗೆ ಮೇಲಾ?" ಅಂದಳು. ಪೆಟ್ಟಿಗೆ ಮೇಲೆ ಬೇಡ ಅಂದೆ. ಬ್ಯಾಗು ಅವಳ ಕಾಲ ಬುಡಕ್ಕೆ ಬಂತು.

ಆವಿನಹಳ್ಳಿ ದಾಟಿ ಸಿಗಂದೂರು ದಾರಿ ಹಿಡಿದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ಜನ, ಕಾರು ದಾಟಿಸುವ ಲಾಂಚೇ ಗತಿಯಾಗಿತ್ತು. ನಾವೂ ಎಷ್ಟು ಸಲ ಅಂಬಾರಗೋಡ್ಲಲ್ಲಿ ಕಾರಿನ ಸಾಲಿನಲ್ಲಿ ನಿಂತು ಕಡಲೆಕಾಯಿ ತಿಂದಿದ್ದೇವೋ. ಈಗ ಸೇತುವೆ ಇದೆ, 2025ರ ಜುಲೈಯಲ್ಲಿ ಶುರುವಾದದ್ದು, ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಕೆಲವೇ ನಿಮಿಷದಲ್ಲಿ ಆಚೆ ದಡ. ಖುಷಿಯೇ, ಆದರೆ ಲಾಂಚಿನ ಮೇಲೆ ನಿಂತು ಹಿನ್ನೀರು ನೋಡುವ ಸುಖ ನನಗೆ ಬೇಕಿತ್ತು. ಅಲ್ಲಿನವರ ಎದುರು ಹೀಗೆ ಹೇಳಿದರೆ ಬೈಸಿಕೊಳ್ಳುತ್ತೇನೆ, ಅದೂ ಗೊತ್ತು.

ತುಮರಿ, ನಾಗೋಡಿ, ಆಮೇಲೆ ಘಾಟಿ ಇಳಿದರೆ ಕೊಲ್ಲೂರು. ಪ್ರತಿ ತಿರುವಿಗೂ ಸೆಕೆ ಒಂದೊಂದು ಮೆಟ್ಟಿಲು ಏರುತ್ತದೆ, ಬೈಂದೂರು ಮುಟ್ಟುವಾಗ ಅಂಗಿ ಬೆನ್ನಿಗೆ ಅಂಟಿತ್ತು. ಒತ್ತಿನೆಣೆ ಗುಡ್ಡದ ಮೇಲೆ ಟೀ ಮಾಡಿದೆವು. ಗಾಳಿಗೆ ಸ್ಟೌ ಆರುತ್ತಿತ್ತು, ಪೆಟ್ಟಿಗೆಯ ಮುಚ್ಚಳವನ್ನೇ ಅಡ್ಡ ನಿಲ್ಲಿಸಿದೆ, ಚೆನ್ನಾಗಿ ಉರಿಯಿತು. ಇದು ನಾನು ಯೋಚಿಸಿ ಮಾಡಿದ್ದಲ್ಲ, ಸುಮ್ನೆ ಆದದ್ದು. ಇವಳಿಗೆ ಮಾತ್ರ ‘ಅದಕ್ಕೇ ಹಾಗೆ ಮಾಡಿದ್ದು’ ಅಂದೆ.

ಮರವಂತೆ ಗೊತ್ತಲ್ವಾ, ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಕಾರಿನಿಂದ ಇಳಿದದ್ದೇ ತಡ, ಟೊಪ್ಪಿ ತಲೆಯಿಂದ ಹಾರಿ ರಸ್ತೆ ದಾಟಿ ಹೊಳೆಗೆ ಬಿತ್ತು. ಸಮುದ್ರಕ್ಕೆ ಬಿದ್ದಿದ್ದರೆ ಅಲೆಯಾದರೂ ವಾಪಸ್ ತಂದುಕೊಡುತ್ತಿತ್ತೇನೋ. ದೋಣಿಯ ಹಾಗೆ ತೇಲಿಕೊಂಡು ಹೋಯಿತು, ನಾವು ನಿಂತು ನೋಡಿದೆವು.

ರಾತ್ರಿ ತ್ರಾಸಿಯಲ್ಲಿ ಉಳಿದೆವು, ಪೆಟ್ಟಿಗೆ ಜಗುಲಿಯಲ್ಲಿತ್ತು. ಬೆಳಿಗ್ಗೆ ಕಾಫಿಪುಡಿ ತೆಗೆಯೋಣ ಅಂದರೆ ಡ್ರಾಯರ್ ಬರಲಿಲ್ಲ. ಎಳೆದೆ, ಗುದ್ದಿದೆ, ಕಾಲು ಕೊಟ್ಟು ಎಳೆದೆ. ಊಹೂಂ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಇದನ್ನು ನೂರು ಸಲ ಓದಿದ್ದೇನೆ. ಡ್ರಾಯರಿನ ಹಲಗೆಯ ಅಗಲವೇ ಅದರ ಎತ್ತರ. ನಮ್ಮ ಕೊಟ್ಟಿಗೆಯ ಒಣ ಗಾಳಿಯಲ್ಲಿ ಬಿಗಿ ಮಾಡಿದ್ದು ಕಡಲಿನ ತೇವ ಕುಡಿದು ಕಚ್ಚಿಕೊಂಡಿತ್ತು. ಮೇಲಿಂದ ದುಡ್ಡು ಉಳಿಸೋಕೆ ಹೋಗಿ ಹಾಕಿದ ಕಬ್ಬಿಣದ ಸ್ಕ್ರೂಗಳ ತಲೆ ಒಂದೇ ರಾತ್ರಿಯಲ್ಲಿ ಕೆಂಪಗಾಗಲು ಶುರುವಾಗಿತ್ತು. ಕಾಫಿಯಿಲ್ಲದ ಇವಳ ಮುಖವೂ ಹಾಗೇ.

ಹೋಟೆಲ್ ಹುಡುಕಿಕೊಂಡು ಗಂಗೊಳ್ಳಿ ಕಡೆ ಹೋದೆವು. ಐದು ಹೊಳೆ ಸೇರಿ ಕಡಲಿಗೆ ಬೀಳುವ ಜಾಗ ಅದು. ಅದರಲ್ಲಿ ವಾರಾಹಿ, ಚಕ್ರಾ ಎರಡೂ ನಮ್ಮ ಘಟ್ಟದ ಮೇಲಿಂದ ಇಳಿದವು. ದಡದಲ್ಲಿ ಒಬ್ಬ ಅಜ್ಜ ಮರದ ದೋಣಿಯನ್ನು ಬೋರಲು ಹಾಕಿ ಹಲಗೆ ಸಂದಿಗೆ ಹತ್ತಿ ತುರುಕುತ್ತಾ ಕೂತಿದ್ದರು. ನನ್ನ ಡ್ರಾಯರಿನ ಗೋಳು ತೋಡಿಕೊಂಡೆ. "ಹ್ವಾಯ್, ಮರ ಉಬ್ಬುದೇ ಒಳ್ಳೇದಲ್ದಾ?" ಅಂದರು. ಒಣಗಿದ ದೋಣಿ ನೀರಿಗಿಳಿಸಿದಾಗ ಮೊದಲು ಸೋರುತ್ತದಂತೆ, ಹಲಗೆ ನೀರು ಕುಡಿದು ಒಂದಕ್ಕೊಂದು ಒತ್ತಿಕೊಂಡ ಮೇಲೆ ತಾನೇ ನಿಲ್ಲುತ್ತದಂತೆ. ಉಬ್ಬುವುದಕ್ಕೂ ಲೆಕ್ಕ ಹಾಕಿಯೇ ಸಂದಿ ಬಿಡುತ್ತಾರೆ. ನಾನು ಯಾವುದನ್ನು ತಪ್ಪು ಅಂತ ಬೈಯುತ್ತಿದ್ದೆನೋ ಅದನ್ನೇ ನಂಬಿಕೊಂಡು ಅವರು ಸಮುದ್ರಕ್ಕೆ ಹೋಗುತ್ತಾರೆ. ದೋಣಿಗೆ ಮೀನೆಣ್ಣೆ ಬಳಿಯುತ್ತೇವೆ, ಬೇಕಾದರೆ ಪೆಟ್ಟಿಗೆಗೂ ಬಳೀರಿ ಅಂತಲೂ ಹೇಳಿದರು. ಇವಳು ನನ್ನ ಕೈ ಹಿಡಿದು ಎಳೆದುಕೊಂಡು ಹೊರಟಳು.

ವಾಪಸ್ ಸಿದ್ದಾಪುರ, ಹೊಸಂಗಡಿ, ಹುಲಿಕಲ್ ಘಾಟಿ. ಹತ್ತುವಾಗ ಲಾರಿ ಹಿಂದೆ ಸಿಕ್ಕಿಕೊಂಡದ್ದು ಬಿಟ್ಟರೆ ಹೇಳುವಂಥದ್ದು ಏನೂ ಇಲ್ಲ.

ಮನೆಗೆ ಬಂದು ನಾಲ್ಕನೇ ದಿನ ಡ್ರಾಯರ್ ಬೆರಳು ತಾಗಿಸಿದರೆ ತೆರೆದುಕೊಂಡಿತು. ಒಳಗೆ ಕಾಫಿಪುಡಿ ಹಾಗೇ ಇತ್ತು. ಸ್ಕ್ರೂ ಎಲ್ಲ ಹಿತ್ತಾಳೆಯದ್ದು ಹಾಕಿದೆ. ಹಿತ್ತಾಳೆ ಮೆತ್ತಗೆ, ನೇರ ತಿರುಗಿಸಿದರೆ ತಲೆಯೇ ಮುರಿಯುತ್ತದೆ. ಮೊದಲು ಅದೇ ಅಳತೆಯ ಕಬ್ಬಿಣದ್ದು ತಿರುಗಿಸಿ ದಾರಿ ಮಾಡಿ, ಆಮೇಲೆ ಸ್ವಲ್ಪ ಸೋಪು ಹಚ್ಚಿ ಹಿತ್ತಾಳೆಯದ್ದು ಹಾಕಬೇಕು. ಡ್ರಾಯರಿಗೆ ಮಾತ್ರ ಇನ್ನೂ ಕೀಸುಳಿ ಮುಟ್ಟಿಸಿಲ್ಲ. ಜುಲೈ ಮಳೆಯಲ್ಲಿ ಅದು ಎಷ್ಟು ಉಬ್ಬಬೇಕೋ ಅಷ್ಟು ಉಬ್ಬಲಿ, ಆಗ ಅಳತೆ ತೆಗೆದು ಕೀಸುತ್ತೇನೆ. ಅಲ್ಲಿವರೆಗೆ ಅದರಲ್ಲಿ ಇವಳು ಮಜ್ಜಿಗೆ ಮೆಣಸು ಇಟ್ಟಿದ್ದಾಳೆ. ಮಳೆ ಹಿಡಿಯುವ ಮೊದಲೇ ತೆಗಿ ಅಂತ ಹೇಳಿದ್ದೇನೆ.